ಸಹಿ ಹಾಕಿದವರು ನಾವೇ: ಮನೆಯ ಕಂಪ್ಯೂಟರ್ ಮತ್ತು ಕುತಂತ್ರಾಂಶ



ಈ ದತ್ತಿ ಉಪನ್ಯಾಸಕ್ಕೆ ಒಂದು ಷರತ್ತಿದೆ ಎಂದು ಸಂಘದ ಕಾರ್ಯದರ್ಶಿಗಳು ಹೇಳಿದರು. ವಿಷಯ ವಿಜ್ಞಾನದ್ದಾಗಿರಬೇಕು, ಕೇಳಿದವರು ಮನೆಗೆ ಹೋದ ಮೇಲೆ ಅದರಿಂದ ಏನಾದರೂ ಉಪಯೋಗ ಆಗಬೇಕು. ಒಳ್ಳೆಯ ಷರತ್ತು. ಕಪ್ಪುರಂಧ್ರದ ಬಗ್ಗೆ ಮಾತಾಡುವ ನನ್ನ ಆಸೆಗೆ ಅದು ಕಲ್ಲು ಹಾಕಿತು ಎನ್ನುವುದು ಬೇರೆ ಮಾತು. ಹಾಗಾಗಿ ಮನೆಯ ಮೂಲೆಯಲ್ಲಿ, ಹೊದಿಕೆ ಹೊದ್ದು ಕೂತಿರುವ ಕಂಪ್ಯೂಟರನ್ನು ಇಂದಿನ ವಿಷಯ ಮಾಡಿಕೊಂಡಿದ್ದೇನೆ.

ಯಾವ ಆಂಟಿವೈರಸ್ ಕೊಳ್ಳಬೇಕು ಎಂಬ ಉತ್ತರಕ್ಕಾಗಿ ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು. ನಾನು ಹೇಳಹೊರಟಿರುವುದು ಬೇರೆ. ಮನೆಯ ಕಂಪ್ಯೂಟರಿಗೆ ಕೇಡು ಮಾಡುವ ಪ್ರೋಗ್ರಾಂ ಬಾಗಿಲು ಮುರಿದು ಬರುವುದು ಕಡಿಮೆ. ಬಹುಪಾಲು ನಾವೇ ಕರೆದು, ಒಪ್ಪಿಗೆ ಕೊಟ್ಟು, ಕೂರಿಸಿಕೊಂಡಿರುತ್ತೇವೆ. ಒಪ್ಪಿಗೆ ಕೊಡುವ ಆ ಗಳಿಗೆಯನ್ನು ಗುರುತಿಸುವುದು ಹೇಗೆ, ಕೊಟ್ಟುಬಿಟ್ಟರೂ ನಷ್ಟವನ್ನು ಮಿತಿಯಲ್ಲಿ ಇಡುವುದು ಹೇಗೆ ಎಂಬುದೇ ನನ್ನ ಮಾತು.

1983ರ ನವೆಂಬರಿನಿಂದ ಶುರುಮಾಡುತ್ತೇನೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಕೊಹೆನ್ ಎಂಬ ವಿದ್ಯಾರ್ಥಿ ಒಂದು ಪ್ರಯೋಗ ಮಾಡಿದ. ಗುರುಗಳು ಲೆನ್ ಏಡಲ್‌ಮನ್, ಬ್ಯಾಂಕುಗಳೆಲ್ಲ ನೆಚ್ಚಿಕೊಂಡ ಆರ್‌ಎಸ್‌ಎ ಗೂಢಲಿಪಿಯ ಮೂವರಲ್ಲಿ ಒಬ್ಬರು. ಅಲ್ಲಿದ್ದದ್ದು ವ್ಯಾಕ್ಸ್ ಎಂಬ ದೊಡ್ಡ ಯಂತ್ರ. ಹಲವರು ಒಟ್ಟಿಗೆ ಬಳಸುವ ಯುನಿಕ್ಸ್ ವ್ಯವಸ್ಥೆ. ಕಡತಗಳ ವಿನ್ಯಾಸವನ್ನು ಚಿತ್ರವಾಗಿ ತೋರಿಸುವ ಒಂದು ಉಪಯುಕ್ತ ಪ್ರೋಗ್ರಾಂ ಇತ್ತು. ಕೊಹೆನ್ ತನ್ನ ಸಣ್ಣ ತುಣುಕನ್ನು ಅದರೊಳಗೆ ಅಡಗಿಸಿ, ಹೊಸ ಪ್ರೋಗ್ರಾಂ ಬಂದಿದೆ ಎಂದು ಯಂತ್ರದ ಸೂಚನಾಫಲಕದಲ್ಲಿ ಹಾಕಿದ. ಜನ ನೋಡಿದರು, ಇಷ್ಟಪಟ್ಟರು, ಓಡಿಸಿದರು. ಐದು ಸಲ ಪ್ರಯೋಗ ನಡೆಯಿತು. ಐದೂ ಸಲ ಒಂದು ಗಂಟೆಯೊಳಗೆ ಇಡೀ ಯಂತ್ರದ ಪೂರ್ಣ ಅಧಿಕಾರ ಅವನ ಕೈಗೆ ಬಂತು. ಒಮ್ಮೆಯಂತೂ ಐದು ನಿಮಿಷವೂ ಹಿಡಿಯಲಿಲ್ಲ. ಫಲಿತಾಂಶ ಕೇಳಿದ ಆಡಳಿತದವರು ಮುಂದಿನ ಪ್ರಯೋಗಗಳನ್ನೇ ನಿಲ್ಲಿಸಿಬಿಟ್ಟರು. ಆಡಳಿತದವರು ಎಲ್ಲ ದೇಶದಲ್ಲೂ ಒಂದೇ.

ಇಲ್ಲಿ ಕೊಹೆನ್ ಯಾವ ಬೀಗವನ್ನೂ ಒಡೆಯಲಿಲ್ಲ, ಯಾರ ಪಾಸ್‌ವರ್ಡನ್ನೂ ಕದಿಯಲಿಲ್ಲ. ಅವನ ತುಣುಕು ಮಾಡಿದ್ದೆಲ್ಲವೂ ನಿಯಮದ ಪ್ರಕಾರವೇ ಇತ್ತು. ನೀವು ಒಂದು ಪ್ರೋಗ್ರಾಂ ಓಡಿಸಿದಾಗ ಅದು ನಿಮ್ಮ ಹೆಸರಿನಲ್ಲಿ ಓಡುತ್ತದೆ. ನೀವು ಯಾವ ಕಡತ ತೆರೆಯಬಲ್ಲಿರೋ ಅದೂ ತೆರೆಯಬಲ್ಲದು. ನೀವು ಅಳಿಸಬಲ್ಲದ್ದನ್ನು ಅದೂ ಅಳಿಸಬಲ್ಲದು. ಉಪನೋಂದಣಿ ಕಚೇರಿಗೆ ಅಲೆದವರಿಗೆ ಜಿಪಿಎ ಎಂಬ ಅಧಿಕಾರಪತ್ರ ಗೊತ್ತು; ಒಂದು ಸಹಿ ಹಾಕಿದರೆ ನಮ್ಮ ಜಮೀನನ್ನು ಇನ್ನೊಬ್ಬ ಮಾರಬಹುದು, ಅಡ ಇಡಬಹುದು, ಕಾನೂನಿನ ಕಣ್ಣಿಗೆ ಅದು ನಾವೇ ಮಾಡಿದಂತೆ. ಗೊತ್ತಿಲ್ಲದ ಪ್ರೋಗ್ರಾಂ ಮೇಲೆ ಎರಡು ಸಲ ಕ್ಲಿಕ್ ಮಾಡುವುದು ಅಂಥದ್ದೇ ಸಹಿ.

ಪ್ರೋಗ್ರಾಂ ನಮ್ಮ ಹೆಸರಿನಲ್ಲಿ ಓಡುವ ಈ ವಿನ್ಯಾಸ ಹುಟ್ಟಿದ್ದು ಒಂದು ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ. ಆಗಿನ ಚಿಂತೆ, ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂಬುದು. ತಾನು ಓಡಿಸಿದ ಪ್ರೋಗ್ರಾಮಿನಿಂದಲೇ ಒಬ್ಬನನ್ನು ಕಾಪಾಡಬೇಕಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಮೊಬೈಲ್ ಫೋನು ಬಂದಾಗ ಎಂಜಿನಿಯರುಗಳು ಪಾಠ ಕಲಿತಿದ್ದರು. ಫೋನಿನಲ್ಲಿ ಪ್ರತಿ ಆ್ಯಪ್ ತನ್ನ ಗೂಡಿನಲ್ಲಿ ಇರಬೇಕು. ಕ್ಯಾಮೆರಾ ಬೇಕೆಂದರೆ, ಫೋಟೋ ಬೇಕೆಂದರೆ ಕೇಳಬೇಕು. ಮೇಜಿನ ಮೇಲಿನ ಕಂಪ್ಯೂಟರು ಇವತ್ತಿಗೂ ಹೆಚ್ಚಿನ ಮಟ್ಟಿಗೆ ಹಳೆಯ ಸಂಪ್ರದಾಯದ್ದೇ.

ವಿಂಡೋಸ್ ಆಗಾಗ ಪರದೆ ಮಬ್ಬು ಮಾಡಿ, ಈ ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಬಿಡಲೇ ಎಂದು ಕೇಳುತ್ತದಲ್ಲ, ಆ ಪ್ರಶ್ನೆ ಕಾಯುವುದು ವಿಂಡೋಸನ್ನು. ನಿಮ್ಮ ಮಗಳ ಮದುವೆಯ ಫೋಟೋಗಳನ್ನಲ್ಲ. ಫೋಟೋಗಳು ನಿಮ್ಮವು, ಆದ್ದರಿಂದ ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಮೂ ಯಾರನ್ನೂ ಕೇಳದೆ ಅವನ್ನು ಹಾಳುಮಾಡಬಹುದು. ವಿಂಡೋಸ್ ಕೆಟ್ಟರೆ ಮತ್ತೆ ಹಾಕಿಸಬಹುದು, ಫೋಟೋ ಹಾಗಲ್ಲ. ಕಂಪ್ಯೂಟರಿನಲ್ಲಿ ಅಗ್ಗದ್ದಕ್ಕೆ ಕಾವಲು ಗಟ್ಟಿ, ಅಮೂಲ್ಯವಾದದ್ದಕ್ಕೆ ಸಡಿಲ. ಇದನ್ನು ಸರಿಪಡಿಸಲು ವಿಂಡೋಸ್ 10 ಮತ್ತು 11ರಲ್ಲಿ ಒಂದು ವ್ಯವಸ್ಥೆ ಇದೆ, 2017ರಿಂದಲೂ ಇದೆ, ಆದರೆ ಕಂಪನಿಯವರು ಅದನ್ನು ಆಫ್ ಮಾಡಿಯೇ ಕಳಿಸುತ್ತಾರೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಎಂಬ ಕಡೆ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂದಿರುತ್ತದೆ. ಆನ್ ಮಾಡಿದರೆ, ಪರಿಚಯವಿಲ್ಲದ ಪ್ರೋಗ್ರಾಂಗಳು ನಿಮ್ಮ ದಾಖಲೆ ಮತ್ತು ಚಿತ್ರಗಳ ಫೋಲ್ಡರಿನೊಳಗೆ ಬರೆಯಲು ಆಗುವುದಿಲ್ಲ. ಸ್ವಲ್ಪ ಕಿರಿಕಿರಿ ಮಾಡುತ್ತದೆ. ಕೆಲವು ಒಳ್ಳೆಯ ಪ್ರೋಗ್ರಾಂಗಳನ್ನೂ ತಡೆಯುತ್ತದೆ; ಅವನ್ನು ನೀವೇ ಪಟ್ಟಿಗೆ ಸೇರಿಸಬೇಕು. ಕಿರಿಕಿರಿಗೆ ತಕ್ಕ ಬೆಲೆ ಇದೆ ಎಂದು ನನ್ನ ಅಭಿಪ್ರಾಯ.

ಇದರ ಜೊತೆಗೆ ಇನ್ನೊಂದು ಕೆಲಸ. ಹೊಸ ಕಂಪ್ಯೂಟರಿನಲ್ಲಿ ಮೊದಲು ತೆರೆಯುವ ಖಾತೆಗೆ ಆಡಳಿತಾಧಿಕಾರ ಇರುತ್ತದೆ. ಅದನ್ನು ಹಾಗೇ ಇಟ್ಟು, ದಿನಬಳಕೆಗೆ ಅಧಿಕಾರವಿಲ್ಲದ ಸಾಮಾನ್ಯ ಖಾತೆಯನ್ನು ಮಾಡಿಕೊಳ್ಳಿ. ಮಕ್ಕಳಿಗೆ ಮಾತ್ರವಲ್ಲ, ನಿಮಗೂ. ಆಗ ಬರೀ ‘ಹೌದು’ ಒತ್ತಿದರೆ ಸಾಲದು, ಪಾಸ್‌ವರ್ಡ್ ಹಾಕಬೇಕು. ಆ ಹತ್ತು ಸೆಕೆಂಡಿನಲ್ಲಿ ಮನಸ್ಸು ಬದಲಾಗುವುದುಂಟು.

ಈಗ ಆಂಟಿವೈರಸ್ ಮಾತು. ಅದೇ ಕೊಹೆನ್ ಒಂದು ಗಣಿತದ ಫಲಿತಾಂಶವನ್ನೂ ಕೊಟ್ಟ: ಎಲ್ಲ ವೈರಸ್ಸುಗಳನ್ನೂ ತಪ್ಪದೆ ಗುರುತಿಸುವ, ಒಳ್ಳೆಯದನ್ನು ಎಂದೂ ಕೆಟ್ಟದ್ದೆನ್ನದ ಪ್ರೋಗ್ರಾಂ ಇರುವುದು ಸಾಧ್ಯವೇ ಇಲ್ಲ. ಕಷ್ಟವಲ್ಲ, ಅಸಾಧ್ಯ. ತರ್ಕ ಸುಂದರವಾಗಿದೆ, ಹೇಳದೆ ಬಿಡಲಾರೆ. ಅಂಥ ಸರ್ವಜ್ಞ ಪರೀಕ್ಷಕ ಒಬ್ಬ ಇದ್ದಾನೆ ಎಂದುಕೊಳ್ಳಿ. ನಾನು ಒಂದು ಪ್ರೋಗ್ರಾಂ ಬರೆದು, ಆ ಪರೀಕ್ಷಕನನ್ನೇ ಅದರೊಳಗೆ ಸೇರಿಸಿಬಿಡುತ್ತೇನೆ. ನನ್ನ ಪ್ರೋಗ್ರಾಂ ಮೊದಲು ಅವನನ್ನು ಕೇಳುತ್ತದೆ: ನಾನು ವೈರಸ್ಸೇ? ಹೌದು ಎಂದರೆ ಸುಮ್ಮನೆ ಕೂರುತ್ತದೆ, ಯಾವ ಕೇಡೂ ಮಾಡುವುದಿಲ್ಲ. ಅಲ್ಲಿಗೆ ಪರೀಕ್ಷಕ ಹೇಳಿದ್ದು ತಪ್ಪಾಯಿತು. ಅಲ್ಲ ಎಂದರೆ ಹರಡಲು ಹೊರಡುತ್ತದೆ, ಆಗಲೂ ತಪ್ಪಾಯಿತು. ಏನು ಹೇಳಿದರೂ ಸುಳ್ಳಾಗುವುದರಿಂದ ಅಂಥ ಪರೀಕ್ಷಕ ಇರಲಾರ. ಅಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿದ ಗಣನೆಯ ಮಿತಿಗಳ ಸಾಲಿಗೆ ಸೇರುವ ವಾದ ಇದು. ಪೆಟ್ಟಿಗೆಯ ಮೇಲೆ ನೂರಕ್ಕೆ ನೂರು ರಕ್ಷಣೆ ಎಂದು ಅಚ್ಚು ಹಾಕಿಸುವ ಕಂಪನಿಗಳು ಮಾರಾಟದ ವಿಭಾಗಕ್ಕೆ ಇದನ್ನು ಓದಿಸಿದರೆ ಚೆನ್ನ.

ಹಾಗೆಂದು ಆಂಟಿವೈರಸ್ ಬೇಡ ಎಂದಲ್ಲ. ಗೊತ್ತಿರುವ ದುಷ್ಟರ ಬೆರಳಚ್ಚುಗಳ ಪಟ್ಟಿ ಅದರ ಬಳಿ ಇರುತ್ತದೆ. ಪಟ್ಟಿಯಲ್ಲಿಲ್ಲದ್ದು ಬಂದರೆ ಅದರ ನಡತೆ ನೋಡುತ್ತದೆ. ಒಂದು ಪ್ರೋಗ್ರಾಂ ಇದ್ದಕ್ಕಿದ್ದಂತೆ ನೂರಾರು ಕಡತಗಳನ್ನು ತಿದ್ದತೊಡಗಿದರೆ ಹಿಡಿದು ನಿಲ್ಲಿಸುತ್ತದೆ. ವಿಂಡೋಸ್ 8ರಿಂದ ಮುಂದಕ್ಕೆ ಡಿಫೆಂಡರ್ ಎಂಬ ಆಂಟಿವೈರಸ್ ವ್ಯವಸ್ಥೆಯ ಜೊತೆಗೇ ಬರುತ್ತದೆ. ಜರ್ಮನಿಯ ಎವಿ-ಟೆಸ್ಟ್‌ನಂಥ ಸ್ವತಂತ್ರ ಪ್ರಯೋಗಾಲಯಗಳ ಪರೀಕ್ಷೆಗಳಲ್ಲಿ ಅದು ಈಗ ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಲ್ಲುತ್ತಿದೆ. ಸಾಧಾರಣ ಮನೆಗೆ ಅಷ್ಟು ಸಾಕು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮವೇ ಕಂಪನಿಗಳು, ಬೇಕಾದವರು ಕೊಳ್ಳಿ. ಎರಡು ಆಂಟಿವೈರಸ್ಸುಗಳನ್ನು ಒಂದೇ ಯಂತ್ರದಲ್ಲಿ ಹಾಕಬೇಡಿ, ಅವು ಒಂದರ ಮೇಲೊಂದು ಅನುಮಾನಪಟ್ಟು ಯಂತ್ರವನ್ನೇ ಮಂದ ಮಾಡುತ್ತವೆ.

ಇನ್ನು ಕುತಂತ್ರಾಂಶ ನಮ್ಮಲ್ಲಿಗೆ ಬರುವ ದಾರಿಗಳು. ಐಬಿಎಂ ಬಗೆಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಬ್ರೇನ್. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿತು. ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು. ತಾವು ಮಾಡಿದ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುತ್ತಾರೆಂಬ ಸಿಟ್ಟಿಗೆ ಬರೆದದ್ದು. ವೈರಸ್ಸಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಹಾಕಿದ್ದರು! ಮದ್ದು ಬೇಕಾದರೆ ನಮಗೆ ಫೋನ್ ಮಾಡಿ ಎಂದು. ಅಂಥ ಸಜ್ಜನಿಕೆ ಆಮೇಲೆ ಈ ಕಸುಬಿನಲ್ಲಿ ಕಾಣಲಿಲ್ಲ. ಬ್ರೇನ್ ಓಡಾಡಿದ್ದು ಐದೂಕಾಲು ಇಂಚಿನ ಫ್ಲಾಪಿಗಳಲ್ಲಿ, ಕೈಯಿಂದ ಕೈಗೆ.

ಫ್ಲಾಪಿ ಹೋಯಿತು, ಪೆನ್ ಡ್ರೈವ್ ಬಂತು. ವಿಂಡೋಸಿನಲ್ಲಿ ಆಟೋರನ್ ಎಂಬ ಸೌಲಭ್ಯ ಇತ್ತು: ಡಿಸ್ಕು ಹಾಕಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡಲಿ ಎಂದು. 2008ರ ಕೊನೆಗೆ ಬಂದ ಕಾನ್‌ಫಿಕರ್ ಎಂಬ ಹುಳು (ವರ್ಮ್) ಇದನ್ನು ಚೆನ್ನಾಗಿ ಬಳಸಿಕೊಂಡಿತು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ಯಂತ್ರಗಳಲ್ಲೂ ಪೆನ್ ಡ್ರೈವಿನ ಆಟೋರನ್ ನಿಲ್ಲಿಸಿತು. ಆಗ ಕಳ್ಳರು ಏನು ಮಾಡಿದರು? ಯಂತ್ರ ತಾನಾಗಿ ಓಡಿಸದಿದ್ದರೆ ಮನುಷ್ಯನ ಕೈಯಲ್ಲೇ ಓಡಿಸೋಣ ಎಂದರು. ನಮ್ಮೂರಿನ ಜೆರಾಕ್ಸ್ ಅಂಗಡಿ, ಡಿಟಿಪಿ ಅಂಗಡಿಗಳಲ್ಲಿ ಶಾರ್ಟ್‌ಕಟ್ ವೈರಸ್ ಎಂದು ಕರೆಯುವುದು ಇದನ್ನೇ. ಹಾಲ್ ಟಿಕೆಟ್ ಪ್ರಿಂಟ್ ತೆಗೆಸಿಕೊಂಡು ಬಂದು ಪೆನ್ ಡ್ರೈವ್ ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಕೊಂಡಿಯನ್ನು ಎದುರಿಗಿಟ್ಟಿರುತ್ತದೆ. ನೀವು ಒತ್ತಿದಾಗ ಮೊದಲು ವೈರಸ್ ಓಡುತ್ತದೆ, ಹಿಂದೆಯೇ ಫೋಲ್ಡರೂ ತೆರೆದುಕೊಳ್ಳುತ್ತದೆ, ಅನುಮಾನವೇ ಬರುವುದಿಲ್ಲ. ಹೀಗಾದಾಗ ಗಾಬರಿಯಿಂದ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಬೇಡ. ಕಡತಗಳು ಅಳಿದಿರುವುದಿಲ್ಲ, ಕಣ್ಣಿಗೆ ಕಾಣದಂತಾಗಿರುತ್ತವೆ ಅಷ್ಟೆ. ಮೊದಲು ಆಂಟಿವೈರಸ್ಸಿನಿಂದ ಸ್ಕ್ಯಾನ್ ಮಾಡಿ, ಮರೆಯಾದ ಕಡತಗಳನ್ನು ತೋರಿಸು ಎಂಬ ಆಯ್ಕೆಯನ್ನು ಹಾಕಿ, ಬೇಕಾದ್ದನ್ನು ತೆಗೆದುಕೊಳ್ಳಿ. ಪ್ರಿಂಟಿಗೆಂದೇ ಬೇರೆ ಪೆನ್ ಡ್ರೈವ್ ಇಟ್ಟುಕೊಂಡು, ಅದರಲ್ಲಿ ಆ ಹೊತ್ತಿಗೆ ಬೇಕಾದ ಪಿಡಿಎಫ್ ಒಂದನ್ನೇ ಒಯ್ಯುವುದು ಇನ್ನೂ ಒಳ್ಳೆಯದು.

ಕಡತದ ಹೆಸರಿನ ಬಾಲವನ್ನು ನೋಡುವ ಅಭ್ಯಾಸವೂ ಬೇಕು. 2000ದ ಮೇ 4ರಂದು ಫಿಲಿಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಹುಳು ಪ್ರೇಮಪತ್ರದ ವೇಷದಲ್ಲಿತ್ತು. ಕಡತದ ಹೆಸರು ಟಿಎಕ್ಸ್‌ಟಿ ಎಂದು ಮುಗಿದಂತೆ ಕಾಣುತ್ತಿತ್ತು. ಅದರ ಮುಂದೆ ವಿಬಿಎಸ್ ಎಂಬ ನಿಜವಾದ ಬಾಲ ಇತ್ತು, ವಿಂಡೋಸ್ ಅದನ್ನು ಮುಚ್ಚಿಟ್ಟಿತ್ತು. ಇಷ್ಟು ವರ್ಷವಾದರೂ ವಿಂಡೋಸ್ ಗೊತ್ತಿರುವ ಬಾಲಗಳನ್ನು ಬಚ್ಚಿಟ್ಟೇ ಬರುತ್ತದೆ. ಏಕೆ ಎಂದು ನನಗೆ ಅರ್ಥವಾಗಿಲ್ಲ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿ. ವಿದ್ಯುತ್ ಬಿಲ್ಲು ಎಂದು ಬಂದದ್ದರ ಬಾಲ ಇಎಕ್ಸ್‌ಇ ಎಂದೋ ಜೆಎಸ್ ಎಂದೋ ಇದ್ದರೆ ಅದು ಬಿಲ್ಲಲ್ಲ.

ಎಲ್ಲಕ್ಕಿಂತ ಅಗಲವಾದ ದಾರಿ ಇನ್ನೊಂದಿದೆ. ಅದರ ಬಗ್ಗೆ ಸಭ್ಯರ ಸಭೆಯಲ್ಲಿ ಮಾತು ಕಡಿಮೆ, ಏಕೆಂದರೆ ಸಭ್ಯರೂ ಬಳಸುತ್ತಾರೆ. ‘ಕ್ರ್ಯಾಕ್’. ಹಣ ಕೊಡದೆ ಫೋಟೋಶಾಪ್, ಹಣ ಕೊಡದೆ ಆಫೀಸ್, ಹಣ ಕೊಡದೆ ಆಟಗಳು. ನಾನು ಇಲ್ಲಿ ನೀತಿ ಹೇಳುತ್ತಿಲ್ಲ. ಕೃತಿಸ್ವಾಮ್ಯದ ಮಾತು ವಕೀಲರಿಗೆ ಬಿಟ್ಟದ್ದು. ಕ್ರ್ಯಾಕ್ ಹಾಕುವ ವಿಧಾನವನ್ನಷ್ಟೇ ಗಮನಿಸಿ. ಅದರ ಜೊತೆ ಬರುವ ಸೂಚನೆಯ ಮೊದಲ ಸಾಲು ಸಾಮಾನ್ಯವಾಗಿ ಒಂದೇ: ಆಂಟಿವೈರಸ್ ಆಫ್ ಮಾಡಿ. ಎರಡನೆಯದು: ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಬೀಗ ಮುರಿಯುವ ಪ್ರೋಗ್ರಾಮನ್ನು ಕಂಡರೆ ಆಂಟಿವೈರಸ್ ಹೇಗೂ ಬೊಬ್ಬೆ ಹಾಕುತ್ತದೆ, ಆದ್ದರಿಂದ ಈ ಸೂಚನೆ ಸಹಜವಾಗಿಯೇ ಕಾಣುತ್ತದೆ. ಕ್ರ್ಯಾಕನ್ನಷ್ಟೇ ಕೊಡುವವನೂ, ಕ್ರ್ಯಾಕಿನ ಹೆಸರಿನಲ್ಲಿ ವಿಷ ಕೊಡುವವನೂ ನಿಮಗೆ ಅದೇ ಎರಡು ಸಾಲು ಹೇಳುತ್ತಾರೆ. ಇಬ್ಬರಲ್ಲಿ ಯಾರು ಎಂದು ತಿಳಿಯುವ ಒಂದೇ ಒಂದು ಸಾಧನವನ್ನು ನೀವು ಆಗಲೇ ಆಫ್ ಮಾಡಿರುತ್ತೀರಿ.

ಸ್ಟಾಪ್ ಅಥವಾ ಜಾವು ಎಂದು ಕರೆಯುವ ಒತ್ತೆಹಣದ ಕುತಂತ್ರಾಂಶ ಬೆಳೆದದ್ದೇ ಈ ದಾರಿಯಲ್ಲಿ. ಅದರ ಗುರಿ ಮುಖ್ಯವಾಗಿ ಆಸ್ಪತ್ರೆ, ಬ್ಯಾಂಕು ಅಲ್ಲ; ಮನೆಗಳು, ವಿದ್ಯಾರ್ಥಿಗಳು, ಸಣ್ಣ ಅಂಗಡಿಗಳು. ಕ್ರ್ಯಾಕ್ ಓಡಿಸಿದ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬ ಸುಳ್ಳು ಪರದೆಯನ್ನು ತೋರಿಸಿ, ಹಿಂದೆ ಕಡತಗಳನ್ನು ಒಂದೊಂದಾಗಿ ಗೂಢಲಿಪಿಗೆ ತಿರುಗಿಸುತ್ತದೆ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ ಬಿಡುತ್ತದೆ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ ಅರ್ಧ ಬೆಲೆ, 490. ದೀಪಾವಳಿ ರಿಯಾಯಿತಿಯ ಧಾಟಿ! ಅಷ್ಟಕ್ಕೇ ಮುಗಿಯುವುದಿಲ್ಲ. ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಮನ್ನೂ ಹಲವು ಸಲ ಜೊತೆಗೆ ಕರೆತರುತ್ತದೆ.

ಕನ್ನಡದ ಡಿಟಿಪಿ ಲೋಕದ ಮಾತು ಇಲ್ಲಿ ಬಂದೇ ಬರಬೇಕು, ಏಕೆಂದರೆ ಆಮಂತ್ರಣ ಪತ್ರಿಕೆಗಳು, ಸ್ಮರಣ ಸಂಚಿಕೆಗಳು ಇನ್ನೂ ಎಷ್ಟೋ ಕಡೆ ಪೇಜ್‌ಮೇಕರಿನಲ್ಲೇ ಆಗುತ್ತಿವೆ. ಅಡೋಬಿಯವರು ಪೇಜ್‌ಮೇಕರಿನ ಬೆಳವಣಿಗೆಯನ್ನು 2004ರಲ್ಲೇ ನಿಲ್ಲಿಸಿದರು. ಹಳೆಯ ನುಡಿ ಫಾಂಟುಗಳಲ್ಲಿ ಕಟ್ಟಿದ ಪುಟಗಳು ಅದರಲ್ಲಿ ಇರುವುದರಿಂದ ಬಿಡುವಂತಿಲ್ಲ, ಅದಕ್ಕಾಗಿ ಹಳೆಯ ವಿಂಡೋಸನ್ನೂ ಬಿಡುವಂತಿಲ್ಲ. ಹಾಗಿದ್ದರೆ ಇಟ್ಟುಕೊಳ್ಳಿ, ಆದರೆ ಆ ಯಂತ್ರಕ್ಕೆ ಇಂಟರ್‌ನೆಟ್ ಕೊಡಬೇಡಿ. ಇಮೇಲ್, ವಾಟ್ಸ್‌ಆ್ಯಪ್ ನೋಡಲು ಬೇರೆ ಯಂತ್ರ ಇರಲಿ. ಇನ್ನು ನುಡಿ ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತು ಉಚಿತವಾಗಿಯೇ ಕೊಡುತ್ತದೆ. ಉಚಿತವಾಗಿ ಸಿಗುವುದನ್ನು ಯಾವುದೋ ಡೌನ್‌ಲೋಡ್ ತಾಣದಿಂದ ತರುವುದು ಏಕೆ? ಗೂಗಲಿನಲ್ಲಿ ಹುಡುಕಿದಾಗ ಮೇಲ್ಗಡೆ ಬರುವ ಜಾಹೀರಾತು ಸಾಲನ್ನು ಒತ್ತಬೇಡಿ. ಹೆಸರಾಂತ ಉಚಿತ ತಂತ್ರಾಂಶಗಳ ಹೆಸರಿನಲ್ಲಿ ಕಳ್ಳರು ಜಾಹೀರಾತು ಕೊಂಡು, ನಕಲಿ ತಾಣಕ್ಕೆ ಕರೆದೊಯ್ಯುತ್ತಾರೆ.

ನಾವು ಒಪ್ಪಿಗೆ ಕೊಡದೆಯೇ ಬರುವವೂ ಇಲ್ಲವೇ? ಇವೆ. 2017ರ ಮೇ 12ರ ವನ್ನಾಕ್ರೈ ಅಂಥದ್ದು. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ಬಳಕೆಗೆ ಇಟ್ಟುಕೊಂಡಿದ್ದ ವಿಂಡೋಸಿನ ಒಂದು ಬಿರುಕು ಹೊರಗೆ ಸೋರಿ, ಅದರ ಮೂಲಕ ಹುಳು ಯಂತ್ರದಿಂದ ಯಂತ್ರಕ್ಕೆ ಹಾರಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು, ಬ್ರಿಟನ್ನಿನ ಆಸ್ಪತ್ರೆಗಳು ಕೂಡ, ಸಿಕ್ಕಿಬಿದ್ದವು. ಮಾರ್ಕಸ್ ಹಚಿನ್ಸ್ ಎಂಬ ತರುಣ, ಹುಳುವಿನೊಳಗೆ ಬರೆದಿದ್ದ ಒಂದು ಅರ್ಥವಿಲ್ಲದ ಜಾಲವಿಳಾಸವನ್ನು ತನ್ನ ಹೆಸರಿಗೆ ನೋಂದಾಯಿಸಿದಾಗ ಅದು ನಿಂತಿತು. ಆ ಬಿರುಕಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಮಾರ್ಚ್ 14ರಂದು. ಸುಮಾರು ಎರಡು ತಿಂಗಳು ಜನ ‘ಆಮೇಲೆ ನೆನಪಿಸು’ ಎಂದು ಒತ್ತಿದ್ದರು. ಬಿದ್ದವುಗಳಲ್ಲಿ ಬಹುತೇಕ ವಿಂಡೋಸ್ 7 ಯಂತ್ರಗಳು.

ಅಪ್‌ಡೇಟ್ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ, ಒಂದು ದಿನಾಂಕದ ಹೊರತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳು ಸಿಗುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿತು. ಚೆನ್ನಾಗಿ ಓಡುವ ಯಂತ್ರವನ್ನು ವಿಂಡೋಸ್ 11 ಒಲ್ಲೆ ಎಂದಿತೆಂದು ಗುಜರಿಗೆ ಹಾಕುವುದು ನನಗೆ ಸರಿಕಾಣದು. ಲಿನಕ್ಸ್ ಹಾಕಿಸಿ ನೋಡಿ. ಯುನಿಕೋಡ್ ಕನ್ನಡ ಅದರಲ್ಲಿ ಸೊಗಸಾಗಿ ಮೂಡುತ್ತದೆ, ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆಯ ವಿನ್ಯಾಸವೂ ಇದೆ. ಬ್ಯಾಂಕು, ಇಮೇಲ್, ಯೂಟ್ಯೂಬಿನಲ್ಲಿ ಯಕ್ಷಗಾನ, ಇಷ್ಟೇ ಬಳಕೆಯಾದರೆ ನಿಮಗೆ ವ್ಯತ್ಯಾಸ ಗೊತ್ತೂ ಆಗಲಿಕ್ಕಿಲ್ಲ.

ಈಚೆಗೆ ಬಂದ ಒಂದು ಉಪಾಯವನ್ನು ಎಚ್ಚರಿಕೆಗಾಗಿ ಹೇಳುತ್ತೇನೆ; 2024ರಿಂದ ಬಹಳ ನಡೆಯುತ್ತಿದೆ. ಯಾವುದೋ ತಾಣಕ್ಕೆ ಹೋಗುತ್ತೀರಿ. ನೀವು ರೋಬೋ ಅಲ್ಲ ಎಂದು ಸಾಬೀತು ಮಾಡಿ ಎನ್ನುತ್ತದೆ. ಗುರುತು ಹಾಕುತ್ತೀರಿ. ಮುಂದಿನ ಹೆಜ್ಜೆ: ವಿಂಡೋಸ್ ಕೀಲಿ ಹಿಡಿದು ಆರ್ ಒತ್ತಿ, ಕಂಟ್ರೋಲ್ ಹಿಡಿದು ವಿ ಒತ್ತಿ, ಎಂಟರ್ ಒತ್ತಿ. ಇಷ್ಟೆ. ಮೊದಲ ಕ್ಲಿಕ್ಕಿನಲ್ಲೇ ಆ ಪುಟ ಒಂದು ಆಜ್ಞೆಯನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ ಸೇರಿಸಿರುತ್ತದೆ. ಆರ್ ಒತ್ತಿದಾಗ ತೆರೆದದ್ದು ಆಜ್ಞೆ ಕೊಡುವ ಕಿಟಕಿ. ಅಂಟಿಸಿ, ಓಡಿಸಿದವರು ನೀವು. ಕೊಹೆನ್ ಕಾಲದಿಂದ ಇಲ್ಲಿಯವರೆಗೆ ಕಳ್ಳ ಎಷ್ಟು ಸೋಮಾರಿಯಾದ ನೋಡಿ, ವೈರಸ್ಸನ್ನು ಟೈಪು ಮಾಡುವ ಕೆಲಸವನ್ನೂ ನಮಗೇ ವಹಿಸಿದ್ದಾನೆ. ಕೀಲಿಮಣೆಯ ಇಂಥ ಕಸರತ್ತು ಮಾಡಿಸುವ ಯಾವ ಪುಟವನ್ನೂ ನಂಬಬೇಡಿ. ಪ್ರಾಮಾಣಿಕ ತಾಣಗಳು ಹೀಗೆ ಕೇಳುವುದಿಲ್ಲ.

ಹೀಗೆ ಒಳಬರುವುದು ಹೆಚ್ಚಾಗಿ ಮಾಹಿತಿ ಕದಿಯುವ ಪ್ರೋಗ್ರಾಂ. ಲುಮ್ಮಾ ಎಂಬ ಒಂದೇ ಒಂದು, 2025ರ ಮಾರ್ಚಿನಿಂದ ಮೇ ನಡುವಿನ ಎರಡು ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳಲ್ಲಿ ಕಂಡುಬಂದಿದೆ ಎಂದು ಮೈಕ್ರೋಸಾಫ್ಟ್ ಹೇಳಿತು. ಇದು ಏನನ್ನೂ ಹಾಳು ಮಾಡುವುದಿಲ್ಲ, ಪರದೆ ಮೇಲೆ ತಲೆಬುರುಡೆ ತೋರಿಸುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಬಾಚುತ್ತದೆ. ನೀವು ಲಾಗಿನ್ ಆಗಿದ್ದೀರಿ ಎಂಬುದಕ್ಕೆ ಗುರುತಾಗಿ ಬ್ರೌಸರ್ ಇಟ್ಟುಕೊಳ್ಳುವ ಕುಕಿಗಳನ್ನೂ ಬಾಚುತ್ತದೆ. ಕುಕಿ ಸಿಕ್ಕಿದರೆ ಒಟಿಪಿಯೂ ಬೇಕಿಲ್ಲ, ಏಕೆಂದರೆ ಒಟಿಪಿ ದಾಟಿ ಒಳಗೆ ಹೋದವರ ಚೀಟಿ ಅದು. ಆದ್ದರಿಂದ ಹೀಗಾದ ಅನುಮಾನ ಬಂದರೆ ಕಂಪ್ಯೂಟರ್ ಶುದ್ಧ ಮಾಡಿದರೆ ಸಾಲದು. ಬೇರೊಂದು ಯಂತ್ರದಿಂದಲೋ ಫೋನಿನಿಂದಲೋ ಪಾಸ್‌ವರ್ಡು ಬದಲಿಸಿ, ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬುದನ್ನು ಒತ್ತಬೇಕು. ಮೊದಲು ಇಮೇಲ್ ಖಾತೆ, ಆಮೇಲೆ ಉಳಿದವು. ಇಮೇಲ್ ಕಳ್ಳನ ಕೈಯಲ್ಲಿದ್ದರೆ ಉಳಿದವನ್ನೆಲ್ಲ ಅವನು ಮತ್ತೆ ಪಡೆಯಬಲ್ಲ.

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೂ ಎರಡು ಮಾತು ಬಿಟ್ಟುಹೋಗುತ್ತವೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇದ್ದರೆ ಅದು ಬ್ಯಾಕಪ್ ಅಲ್ಲ. ಒತ್ತೆಹಣದ ಪ್ರೋಗ್ರಾಂ ಮೂಲವನ್ನೂ ನಕಲನ್ನೂ ಒಟ್ಟಿಗೇ ಕೆಡಿಸುತ್ತದೆ. ವಾರಕ್ಕೊಮ್ಮೆ ಸಿಕ್ಕಿಸಿ, ನಕಲು ಮಾಡಿ, ಕಿತ್ತು ಬೀರುವಿನಲ್ಲಿಡಿ. ಇನ್ನೊಂದು, ಗೂಗಲ್ ಡ್ರೈವಿನಂಥವು ಕಂಪ್ಯೂಟರಿನ ಫೋಲ್ಡರಿನ ಜೊತೆ ಹೆಜ್ಜೆ ಹಾಕುತ್ತವೆ. ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಹಳೆಯ ಆವೃತ್ತಿಗಳನ್ನು ಸಾಮಾನ್ಯವಾಗಿ 30 ದಿನ ಇಟ್ಟಿರುವುದರಿಂದ ಬೇಗ ಗಮನಿಸಿದರೆ ಹಿಂದಕ್ಕೆ ತರಬಹುದು, ತಡವಾದರೆ ಇಲ್ಲ. ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರ್ ಹೇಳಿಕೊಟ್ಟ ಸೂತ್ರ ಪ್ರಸಿದ್ಧವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಾಚೆ. ಎಂಜಿನಿಯರಲ್ಲ, ಫೋಟೋ ಕಳೆದುಕೊಳ್ಳುವ ಭಯ ಗೊತ್ತಿದ್ದವರು ಮಾಡಿದ ಸೂತ್ರ.

ಒತ್ತೆಹಣದ ಚೀಟಿ ಪರದೆಯ ಮೇಲೆ ಬಂದೇಬಿಟ್ಟರೆ? ಮೊದಲು ನೆಟ್ ತಂತಿ ಕಿತ್ತುಹಾಕಿ, ವೈಫೈ ಆರಿಸಿ. ಕೆಟ್ಟ ಕಡತಗಳನ್ನು ಅಳಿಸಬೇಡಿ. ಚೀಟಿಯನ್ನೂ ಇಟ್ಟುಕೊಳ್ಳಿ. ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣದಲ್ಲಿ ಹಲವು ಬಗೆಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ. ಆಗಲೇ ಹೇಳಿದೆನಲ್ಲ ಸ್ಟಾಪ್, ಅದರ 2019ರ ಆಗಸ್ಟಿಗೆ ಮುಂಚಿನ ಬಗೆಗಳಿಗೆ ಎಮ್ಸಿಸಾಫ್ಟ್ ಎಂಬ ಕಂಪನಿ ಮದ್ದು ಮಾಡಿತು. ಆಮೇಲಿನವುಗಳಲ್ಲಿ, ದಾಳಿಯ ಹೊತ್ತಿಗೆ ಕಳ್ಳನ ಸರ್ವರಿನ ಸಂಪರ್ಕ ಸಿಗದೆ ಸಿದ್ಧಕೀಲಿ ಬಳಸಿದ್ದರೆ ಮಾತ್ರ ಆಸೆ ಇದೆ. ಅದು ಪ್ರತಿ ಕಡತದ ಮೊದಲ 150 ಕಿಲೋಬೈಟಿನಷ್ಟನ್ನು ಮಾತ್ರ ಕೆಡಿಸುವುದರಿಂದ, ದೊಡ್ಡ ವಿಡಿಯೋ ಕಡತಗಳನ್ನು ಕೆಲವೊಮ್ಮೆ ರಿಪೇರಿ ಮಾಡಬಹುದು. ಮದುವೆಯ ವಿಡಿಯೋ ಹೋಯಿತೆಂದು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿದವರಿಗೆ ಇದು ಗೊತ್ತಿರುವುದಿಲ್ಲ.

ಸರ್ಕಾರದ ಕಡೆಯಿಂದ ಸರ್ಟ್-ಇನ್ ಸಂಸ್ಥೆಯ ‘ಸೈಬರ್ ಸ್ವಚ್ಛತಾ ಕೇಂದ್ರ’ 2017ರಿಂದ ಉಚಿತ ಸಲಕರಣೆಗಳನ್ನು ಕೊಡುತ್ತಿದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ಪ್ರಕಾರ ಇನ್ನೊಬ್ಬರ ಯಂತ್ರಕ್ಕೆ ವೈರಸ್ ಬಿಡುವುದು ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ದೂರು ಕೊಡಲು ಸಂಕೋಚ ಬೇಡ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಇನ್ನು ಬ್ರೌಸರಿನಲ್ಲಿ ಸೈರನ್ ಕೂಗಿ, ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ನಂಬರಿಗೆ ಕರೆ ಮಾಡಿ ಎಂದು ಬರುತ್ತದಲ್ಲ, ಅದು ವೈರಸ್ ಅಲ್ಲ, ಬರೀ ಪುಟ. ಮುಚ್ಚಲಾಗದಿದ್ದರೆ ಕಂಪ್ಯೂಟರನ್ನೇ ಆರಿಸಿ. ಆ ನಂಬರಿಗೆ ಕರೆ ಮಾಡಿದರೆ ಮಾತ್ರ ನಿಜವಾದ ತೊಂದರೆ ಶುರು.

ಸಭೆಯಿಂದ ಎರಡು ಚೀಟಿ ಬಂದಿವೆ. ಮ್ಯಾಕ್ ಕಂಪ್ಯೂಟರಿಗೆ ವೈರಸ್ ಬರುವುದಿಲ್ಲವೇ ಎಂದು ಒಬ್ಬರು ಕೇಳಿದ್ದಾರೆ. ಬರುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳು ಅದಕ್ಕೂ ಇವೆ, ಕ್ರ್ಯಾಕಿನ ದಾರಿಯೂ ಅದೇ.

ಇನ್ನೊಬ್ಬರು: ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸಿದರೆ ಎಲ್ಲ ಸರಿಹೋಗುತ್ತದೆಯೇ? ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯ ಕುತಂತ್ರಾಂಶ ಹೋಗುತ್ತದೆ, ನಿಜ. ಆಮೇಲೆ ಅಂಗಡಿಯವರು ಏನು ಹಾಕಿ ಕೊಡುತ್ತಾರೆ ಎಂದು ನೋಡಿಕೊಳ್ಳಿ. ಪೆನ್ ಡ್ರೈವಿನಲ್ಲಿಟ್ಟ ಯಾವುದೋ ವಿಂಡೋಸ್, ಅದನ್ನು ಚಾಲೂ ಮಾಡಲು ಒಂದು ‘ಆಕ್ಟಿವೇಟರ್’, ಅದು ಓಡಲೆಂದು ಡಿಫೆಂಡರನ್ನು ಆಫ್ ಮಾಡಿರುವುದು. ಹೊಸದಾಗಿ ತೊಳೆದ ಯಂತ್ರ ಮನೆಗೆ ಬರುವಾಗಲೇ ಕ್ರ್ಯಾಕ್ ಹೊತ್ತು ಬರುತ್ತದೆ. ಅದರ ಅಗತ್ಯವೇ ಇಲ್ಲ. ವಿಂಡೋಸ್ 8 ಬಂದ ಮೇಲೆ ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಕೀಲಿ ಯಂತ್ರದ ಚಿಪ್ಪಿನಲ್ಲೇ ಬರೆದಿರುತ್ತದೆ. ಮೈಕ್ರೋಸಾಫ್ಟಿನ ತಾಣದಿಂದಲೇ ಇಳಿಸಿಕೊಂಡ ವಿಂಡೋಸನ್ನು, ಕೊಳ್ಳುವಾಗ ಇದ್ದ ಅದೇ ಹೋಮ್ ಅಥವಾ ಪ್ರೊ ಬಗೆಯನ್ನೇ ಹಾಕಿದರೆ, ನೆಟ್ ಸಿಕ್ಕ ಕೂಡಲೇ ಅದು ತಾನಾಗಿ ಚಾಲೂ ಆಗುತ್ತದೆ. ಅಂಗಡಿಗೆ ಕೊಡುವಾಗ ಇಷ್ಟು ಹೇಳಿ, ವಾಪಸು ತಂದ ದಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಎಂಬ ಪುಟ ತೆರೆದು ನೋಡಿ, ಡಿಫೆಂಡರ್ ಆನ್ ಇದೆಯೇ ಎಂದೂ ನೋಡಿ, ಆಮೇಲೆ ದುಡ್ಡು ಕೊಡಿ.